ದಡಕ್ಕೆ ಗುದ್ದುವ ಹಡಗಿನ ಚರಿತ್ರೆ

ಬರೆಯಲು ಬಾರದವರಿಗೇ ಬರೆಯುವ ಕೆಲಸ ಬಂದು ಬೀಳುತ್ತದೆ. ಆಮೇಲೆ ಇಂಥವು ನಡೆಯುತ್ತಲೇ ಇರುತ್ತವೆ.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಾನು ಸಾಫ್ಟ್‌ವೇರ್ ಕೆಲಸದವಳು. (ಮೊದಲ ಸಲ ಬರೆಯುತ್ತಿರುವುದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.) ಕೊರೋನಾ ಲಾಕ್‌ಡೌನಿನಲ್ಲಿ, ಹಳೆಯ ಯುದ್ಧನೌಕೆಯೊಂದರ ಸೇವಾ ಚರಿತ್ರೆಯನ್ನು ವೆಬ್‌ಸೈಟಿಗೆ ಬರೆಯುವ ಕೆಲಸ ಬಂತು. ಹಡಗಿನ ಕ್ಯಾಪ್ಟನ್ ಆಗಿದ್ದ ತಮಿಳು ಹಿರಿಯರು ವಿಡಿಯೊ ಕಾಲಿನಲ್ಲಿ ಕೇಳಿ ಸಹಿ ಹಾಕಬೇಕು. ಹಾಕದಿದ್ದರೆ ಕೆಲಸ ಬೇರೆಯವರ ಪಾಲು. ಅವರು ಆಡಿದ್ದು ತಮಿಳು ಬೆರೆಸಿದ, ಇಲ್ಲಿಯವರಂತೆ ಕೊನೆಗೊಂದು ‘ಲಾ’ ಸೇರಿಸುವ ಇಂಗ್ಲಿಷ್, ಕನ್ನಡ ನನ್ನದು.

೧. ಅಪಘಾತಗಳು

ಹಡಗಿನ ದಿನಚರಿಯಲ್ಲಿ ‘ಮೂತಿ ಮರಳಿಗೆ ತಾಗಿತು’ ಎಂದು ಪದೇ ಪದೇ ಇತ್ತು. ಎಲ್ಲವನ್ನೂ ‘ಅಪಘಾತಗಳು’ ಎಂದು ಕೆಂಪಕ್ಷರದಲ್ಲಿ ಪಟ್ಟಿ ಮಾಡಿದೆ.

ಕ್ಯಾಪ್ಟನ್ ಪಟ್ಟಿ ಓದಿದರು. “ಅಮ್ಮಾ, ಇದು ಸೈನ್ಯವನ್ನ ದಡಕ್ಕಿಳಿಸೋ ಹಡಗು. ಬೇಕಂತಲೇ ಮರಳಿಗೆ ಏರಿಸ್ತೀವಿ. ಮೂತಿಯ ಬಾಗಿಲು ತೆಗೆದ್ರೆ ಟ್ಯಾಂಕುಗಳು ಇಳಿಯುತ್ತವೆ.”

“ವಾಪಸ್ ಹೇಗೆ ಸಾರ್?”

“ಬರುವಾಗಲೇ ಹಿಂದೆ ಲಂಗರು ಬಿಟ್ಟಿರ್ತೀವಿ. ಅದರ ಹಗ್ಗ ಎಳ್ಕೊಂಡೇ ಹಿಂದಕ್ಕೆ ಸಮುದ್ರಕ್ಕೆ ಹೋಗ್ತೀವಿ.”

ಅಷ್ಟು ದೊಡ್ಡ ಕಬ್ಬಿಣ ತನ್ನನ್ನು ತಾನೇ ಎಳೆದುಕೊಳ್ಳುವುದೆಂದರೆ! “ಹಾಗಾದರೆ ಅಪಘಾತ ಯಾವುದು ಸಾರ್?”

“ನಿಮ್ಮ ಪಟ್ಟಿ, ಲಾ.”

೨. ಮೀಟಿಂಗಿನ ಹೊತ್ತು

ಸೋಮವಾರ ಕ್ಯಾಪ್ಟನ್ ಒಂಬತ್ತಕ್ಕೆ ಕರೆದರು. ಮಂಗಳವಾರ ಒಂಬತ್ತು ಐವತ್ತಕ್ಕೆ, ಬುಧವಾರ ಹತ್ತು ನಲವತ್ತಕ್ಕೆ.

“ಒಂದೇ ಹೊತ್ತು ಇಟ್ಕೊಳ್ಳೋಣವಾ ಸಾರ್?”

“ಸಮುದ್ರದ ಉಬ್ಬರ ದಿನಾ ಐವತ್ತು ನಿಮಿಷ ತಡ ಅಮ್ಮಾ. ನನ್ನ ಕೆಲಸವೆಲ್ಲ ಅದರ ಜೊತೆಗೇ.”

ನಿವೃತ್ತರಾದರೂ ಚಂದ್ರನ ಲೆಕ್ಕದಲ್ಲೇ ಬದುಕುವವರು! ನಾನು ಬೆರಗಾಗಿ ಮೈಸೂರಿನ ನಮ್ಮ ಮ್ಯಾನೇಜರಿಗೆ ಹೇಳಿದೆ. “ಸರಿ, ಚಂದ್ರನನ್ನೂ ವಿಡಿಯೊ ಕಾಲಿಗೆ ಸೇರಿಸು,” ಎಂದರು.

೩. ಅಪ್ಪಣೆಯಿಲ್ಲದೆ

ಸಹಿಯ ದಿನ, ಮ್ಯಾನೇಜರೂ ವಿಡಿಯೊ ಕಾಲಿನಲ್ಲಿರುವಾಗಲೇ, ಕೊನೆಯ ಸಾಲನ್ನು ಹೆಮ್ಮೆಯಿಂದ ಓದಿದೆ: ‘ಅಪ್ಪಣೆಯಿಲ್ಲದೆ ಈ ಹಡಗನ್ನು ಯಾರೂ ಹತ್ತಲಿಲ್ಲ.’

“ಸುಳ್ಳು. ಸಹಿ ಹಾಕಲ್ಲ,” ಎಂದರು ಕ್ಯಾಪ್ಟನ್.

“ಶತ್ರುಗಳು ಹತ್ತಿದ್ರಾ ಸಾರ್?”

“ಎಮ್ಮೆಗಳು. ನೆರೆ ಬಂದ ಊರಿಗೆ ಅಕ್ಕಿ ತಂದು ಬಾಗಿಲು ತೆಗೆದ್ವಿ. ಒಣಗಿದ ನೆಲ ಅಂತ ಇದ್ದದ್ದು ನಮ್ಮದೊಂದೇ. ಊರಿನ ಎಮ್ಮೆಗಳೆಲ್ಲ ಒಳಗೆ ಬಂದು ಮಲಗಿಬಿಟ್ವು.”

“ಓಡಿಸಲಿಲ್ವಾ?”

“ಬಂದೂಕಿಗೂ ಹೆದರಲಿಲ್ಲ. ಅವುಗಳ ಸಮೇತ ಮುಂದಿನ ಊರಿಗೆ ಹೋದ್ವಿ. ಅಲ್ಲಿ ನನ್ನನ್ನ ಸ್ವಾಗತಿಸೋಕೆ ದೊಡ್ಡ ಅಧಿಕಾರಿಗಳು ಹೂವಿನ ಹಾರ ಹಿಡಿದು ನಿಂತಿದ್ರು.”

“ಹಾರ ಹಾಕಿದ್ರಾ ಸಾರ್?”

“ಎಲ್ಲಿ? ಬಾಗಿಲು ತೆರೆದದ್ದೇ ತಡ, ಮುಂದಿದ್ದ ಎಮ್ಮೆ ತಿಂದುಬಿಡ್ತು. ಅದನ್ನ ಬರೀರಿ, ಸಹಿ ಹಾಕ್ತೀನಿ.”