ಮೂರು ತಲೆಯ ನಕ್ಷೆ

ಒಂದು ಊರು, ಆ ಊರಲ್ಲೊಂದು ಹಾಸಿಗೆ ಕಂಪನಿ, ಆ ಕಂಪನಿಗೆ ಮೂರು ದಿಕ್ಕಿಗೆ ಮೂರು ಕಚೇರಿ. ಕತೆಯಲ್ಲಿ ರಾಜಕುಮಾರಿ ಇಲ್ಲ. ಸಿಂಹಾಸನ ಬೇಕೆನ್ನುವವರು ಮಾತ್ರ ಮೂವರಿದ್ದರು. ಶೋರೂಮನ್ನು ಯಜಮಾನರ ದೊಡ್ಡಕ್ಕ ಆಳುತ್ತಿದ್ದರು, ಕಾರ್ಖಾನೆಯನ್ನು ಭಾವಮೈದ, ಗೋಡೌನನ್ನು ಚಿಕ್ಕಪ್ಪ. ಮೂರೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಇದ್ದವನು ಒಬ್ಬನೇ: ಜೇಬಿನಿಂದ ಸದಾ ತಂತಿ ಇಣುಕುವ ತಂತಿಯಣ್ಣ.

ಕಾರ್ಖಾನೆಯಲ್ಲಿ ಯಾರಾದರೂ ಪಾಸ್‌ವರ್ಡ್ ಮರೆತರೆ ತಂತಿಯಣ್ಣ ಸ್ಕೂಟರ್ ಹತ್ತಬೇಕು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಗೋಡೌನಿನಲ್ಲಿ ಇನ್ನೊಬ್ಬ ಮರೆತಿರುತ್ತಿದ್ದ. ಊರಿಗೆಲ್ಲ ಮೆತ್ತನೆ ಹಾಸಿಗೆ ಮಾರುವ ಕಂಪನಿಯಲ್ಲಿ ಅವನ ಸೊಂಟ ಮಾತ್ರ ನುಚ್ಚುನೂರಾಗಿತ್ತು.

ಆ ದಿನ ಬೆಳಿಗ್ಗೆ ಯಜಮಾನರು ಕರೆದರು. "ಏನಯ್ಯ, ಮೂರು ಆಫೀಸನ್ನೂ ಒಂದೇ ಜಾಲಕ್ಕೆ, ಅದೇನೋ ಡೊಮೇನಿಗೆ, ತರ್ತೀನಿ ಅಂತಿದ್ದೆ, ಎಲ್ಲಿಗೆ ಬಂತು?"

"ಎಲ್ಲ ತಯಾರಿದೆ ಸಾರ್! ಆಫೀಸಿಗೊಂದು ಸರ್ವರ್ ಕೂರಿಸಿದ್ದೀನಿ. ಯಾರು ಎಲ್ಲಿ ಕೂತರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮರೆತರೆ ನಾನು ಕೂತಲ್ಲಿಂದಲೇ ಸರಿ ಮಾಡಬಹುದು. ಸರ್ವರ್ ಜೋಡಣೆಯ ನಕ್ಷೆಗೆ ಮೂರೂ ಆಫೀಸಿನವರ ಸಹಿಯೊಂದೇ ಬಾಕಿ."

"ಸಂಜೆ ಆರಕ್ಕೆ ಸಹಿ ತಂದು ಗುಂಡಿ ಒತ್ತು. ನಿನಗೇ ಅಂತ ಒಂದು ಕುರ್ಚಿ ಹಾಕಿಸ್ತೀನಿ. ಈ ಅಲೆದಾಟ ಮುಗೀತು ಅಂದ್ಕೋ!"

ಕುರ್ಚಿ! ಬೆನ್ನಿಗೆ ಆಸರೆಯಿರುವ, ಗಿರ್ರನೆ ತಿರುಗುವ ಕುರ್ಚಿ! ತಂತಿಯಣ್ಣ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಶೋರೂಮಿಗೆ ಓಡಿದ.

ದೊಡ್ಡಕ್ಕ ನಕ್ಷೆ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಇದೇನೋ ಇದು, ಕಾರ್ಖಾನೆಯ ಚೌಕ ಮೇಲೆ, ನಮ್ಮದು ಕೆಳಗೆ? ಅವನ ಅಕ್ಕ ಈ ಮನೆಗೆ ಸೊಸೆಯಾಗಿ ಬರೋ ಮುಂಚಿಂದ ನಾನಿಲ್ಲಿದ್ದೀನಿ!"

"ಕಾಗದದಲ್ಲಷ್ಟೇ ಅಕ್ಕಾ, ಮೂರೂ ಸರ್ವರ್ ಸಮಾನ."

"ಸಮಾನ ಅಂದ್ಮೇಲೆ ನಮ್ಮನ್ನೇ ಮೇಲೆ ಹಾಕೋಕೇನು ಕಷ್ಟ?"

ಅಳಿಸಿ ಬರೆದ. ಕಾರ್ಖಾನೆಗೆ ಹೋದರೆ ಭಾವಮೈದ ಹತ್ತಿ ಹಾರುವಂತೆ ಗುಡುಗಿದ. "ನಾನು ಅವರ ಕೈಕೆಳಗಾ? ಹಾಸಿಗೆ ಹೊಲಿಯೋರು ನಾವು ಕಣಯ್ಯ. ಅವರು ಅದರ ಮೇಲೆ ಕೂತು ಮಾರೋರು!"

ಮತ್ತೆ ಅಳಿಸಿದ. ಅಷ್ಟರಲ್ಲಿ ಗೋಡೌನಿಂದ ಚಿಕ್ಕಪ್ಪನ ಫೋನು: "ಏನೋ, ನನ್ನನ್ನ ಅಡಿಗೆ ಹಾಕಿದ್ದೀಯಂತೆ? ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?"

ಗಂಟೆ ಮೂರಾಯಿತು. ಅಳಿಸಿ ಅಳಿಸಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ರಸ್ತೆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ತಲೆ ಮೇಲೆ ಕೈ ಹೊತ್ತು ಕೂತವನ ಕಣ್ಣಿಗೆ ಅದರ ಚಕ್ರ ಬಿತ್ತು. ಚಕ್ರಕ್ಕೆ ಮೇಲು ಯಾವುದು, ಕೆಳಗು ಯಾವುದು? ತಟಕ್ಕನೆ ಎದ್ದ. ಹೊಸ ಕಾಗದ ತೆಗೆದು ಗುಂಡಗೆ ಗೆರೆ ಎಳೆದ. ಗೆರೆಯ ಸುತ್ತ ಮೂರು ಚೌಕ, ಮೂರಕ್ಕೂ ತಲೆ ಹೊರಗೆ. ತಿರುಗಿಸಿ ಹಿಡಿದರೆ ಯಾರದು ಬೇಕೋ ಅವರದು ಮೇಲೆ!

ಕಾರ್ಖಾನೆಯಲ್ಲಿ ಒಂದು ಥರ ಹಿಡಿದ. "ಹಾಂ, ಹೀಗಿರಬೇಕು! ಮುಖ್ಯ ಸರ್ವರ್ ನಮ್ಮದೇ ತಾನೆ?"

"ನೀವೇ ನೋಡ್ತಿದ್ದೀರಲ್ಲ ಸಾರ್." ಸಹಿ ಬಿತ್ತು.

ಶೋರೂಮಿನಲ್ಲಿ ಇನ್ನೊಂದು ಥರ ಹಿಡಿದ. ದೊಡ್ಡಕ್ಕ ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದರು.

ಗೋಡೌನಿನಲ್ಲಿ ಜೀವ ಬಾಯಿಗೆ ಬಂತು. ಚಿಕ್ಕಪ್ಪ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, "ಕನ್ನಡಕ ಎಲ್ಲಿಟ್ಟೆನೋ" ಎಂದು ಮೇಜನ್ನೇ ಸುತ್ತತೊಡಗಿದರು. ಅವರು ಹೋದ ಕಡೆಗೆಲ್ಲ ತಂತಿಯಣ್ಣನ ಬೆರಳಡಿ ಕಾಗದ ಸೂರ್ಯಕಾಂತಿಯಂತೆ ತಿರುಗಿತು. ಕನ್ನಡಕ ಹಣೆಯ ಮೇಲೇ ಸಿಕ್ಕಿತು, ಸಹಿಯೂ ಸಿಕ್ಕಿತು.

ಆರಕ್ಕೆ ಐದು ನಿಮಿಷವಿದ್ದಾಗ ಏದುಸಿರು ಬಿಡುತ್ತ ಯಜಮಾನರ ಕೋಣೆಗೆ ನುಗ್ಗಿದ. ಗುಂಡಿ ಒತ್ತುವುದನ್ನು ನೋಡಲು ಮೂವರೂ ಅವನ ಹಿಂದೆಯೇ ಬಂದರು.

"ತಮ್ಮಾ," ದೊಡ್ಡಕ್ಕ ಶುರು ಮಾಡಿದರು, "ಮುಖ್ಯ ಸರ್ವರ್ ಇರೋದು ನನ್ನ ಹತ್ತಿರ. ಇವನ ಕುರ್ಚಿನೂ ಅಲ್ಲೇ ಇರಲಿ."

"ಯಾರು ಹೇಳಿದ್ದು? ನಕ್ಷೆ ನೋಡಿ ಭಾವ, ಮೇಲಿರೋದು ಕಾರ್ಖಾನೆ!"

"ಲೇ, ಕನ್ನಡಕ ಹಾಕ್ಕೊಂಡು ಸಹಿ ಮಾಡಿದ್ದೀನಿ ಕಣ್ರೋ, ಗೋಡೌನೇ ಮೇಲೆ!" ಎಂದರು ಚಿಕ್ಕಪ್ಪ.

ಯಜಮಾನರು ಕಾಗದವನ್ನು ಒಮ್ಮೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಮೂರನೆಯ ಸಲ ತಿರುಗಿಸುವ ಮೊದಲೇ ತಂತಿಯಣ್ಣ ಮುಂದೆ ಬಂದ.

"ಸಾರ್, ಮೂರೂ ಮುಖ್ಯವೇ," ಎಂದು ತೊದಲಿದ. "ನಾನು ಎಲ್ಲಿ ಕೂತರೂ ಕೆಲಸ ನಡೆಯುತ್ತೆ."

"ಎಲ್ಲಿ ಕೂತರೂ ನಡೆಯುತ್ತಾ?" ಯಜಮಾನರ ಮುಖ ಅರಳಿತು. "ಭಲೇ! ಹಾಗಾದ್ರೆ ಜಗಳವೇ ಇಲ್ಲ. ದಿನಾ ಬೆಳಿಗ್ಗೆ ಶೋರೂಮು, ಮಧ್ಯಾಹ್ನ ಕಾರ್ಖಾನೆ, ಸಂಜೆ ಗೋಡೌನು. ಒಂದು ಕುರ್ಚಿ ಅಂದಿದ್ದೆ ಅಲ್ವಾ? ತಗೋ, ಮೂರು ಹಾಕಿಸ್ತೀನಿ!"

ಮೂವರೂ ಜೀವನದಲ್ಲಿ ಮೊದಲ ಬಾರಿಗೆ ಒಂದೇ ಮಾತಿಗೆ ತಲೆಯಾಡಿಸಿದರು.

ತಂತಿಯಣ್ಣ ನಿಂತೇ ಗುಂಡಿ ಒತ್ತಿದ. ಮೂರು ಕಚೇರಿಗಳಲ್ಲೂ ಹಸಿರು ದೀಪ ಒಟ್ಟಿಗೆ ಹೊತ್ತಿತು.