ಉಪ್ಪಿನ ಬಗ್ಗೆ ತೀರ್ಪು ಹೇಳದ ನ್ಯಾಯಾಧೀಶರು

೧೭ ನವೆಂಬರ್ ೨೦೧೮, ಶನಿವಾರ, ಬೆಳಗ್ಗೆ ೯.೪೦. ಬನ್ನಿನ ಹಿಟ್ಟು ನಾದಿ ಇಟ್ಟಿದ್ದೇನೆ. ಅದು ಉಬ್ಬುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ನಮ್ಮ ದೊಡ್ಡಪ್ಪನಿಗೆ ಯಾವುದನ್ನೂ ತೀರ್ಮಾನಿಸಲು ಬರುವುದಿಲ್ಲ. ಹೀಗೆಂದರೆ ಕೆನಡಾದ ಈ ಅರೋರಾ ಊರಿನ ಕನ್ನಡಿಗರೆಲ್ಲ ನನ್ನ ಮೇಲೆ ಬಿದ್ದಾರು! ಏಕೆಂದರೆ ಅವರು ಫೆಡರಲ್ ಸರ್ಕಾರವೇ ನೇಮಿಸಿದ ನ್ಯಾಯಾಧೀಶರು. ಕೋರ್ಟಿನಲ್ಲಿ ಎಂಥೆಂಥ ವ್ಯಾಜ್ಯಗಳನ್ನೋ ಅಳುಕದೆ ಬಗೆಹರಿಸುತ್ತಾರೆ. ಮನೆಯಲ್ಲಿ? ಸಾರಿಗೆ ಉಪ್ಪು ಸಾಕೋ ಬೇಕೋ, ಅದನ್ನೂ ಹೇಳುವುದಿಲ್ಲ.

ಓದಲೆಂದು ಮೈಸೂರಿನಿಂದ ಬಂದು ಅವರ ಬೇಸ್‌ಮೆಂಟಿನಲ್ಲಿ ಇಳಿದ ಮೊದಲ ದಿನವೇ ಇದು ತಿಳಿಯಿತು.

"ರೀ, ಸಾರು ಹೇಗಿದೆ?" ದೊಡ್ಡಮ್ಮ ಕೇಳಿದರು.

ದೊಡ್ಡಪ್ಪ ಚಮಚ ಕೆಳಗಿಟ್ಟರು. "ನಾನು ಹೇಳೋ ಹಾಗಿಲ್ಲ. ಮಾಡಿದವರು ನನ್ನ ಹೆಂಡತಿ. ಈ ಕೇಸಿಂದ ಹಿಂದೆ ಸರೀತೀನಿ."

"ಜಡ್ಜ್ ಆದಾಗಿಂದ ಸರೀತಾನೇ ಇದ್ದೀರಿ, ಗೋಡೆ ಬಂತು ನೋಡಿ!"

"ಡ್ಯಾಡ್, ಇಟ್ಸ್ ಜಸ್ಟ್ ಸಾರು!" ಎಂದ ಇಲ್ಲೇ ಹುಟ್ಟಿದ ಅವರ ಮಗ.

ತನ್ನವರ ಕೇಸು ಬಂದರೆ ನ್ಯಾಯಾಧೀಶರು ಅದನ್ನು ಬೇರೆಯವರಿಗೆ ಬಿಡಬೇಕಂತೆ. ಕೋರ್ಟಿನ ಈ ನಿಯಮವನ್ನು ದೊಡ್ಡಪ್ಪ ಅಡುಗೆಮನೆಗೂ ತಂದಿದ್ದಾರೆ. ಕನ್ನಡ ಸಂಘದವರು ರಂಗೋಲಿ ಸ್ಪರ್ಧೆಗೆ ತೀರ್ಪುಗಾರರಾಗಿ ಕರೆದರೆ, ಮೈಕ್ ಹಿಡಿದು ಘೋಷಿಸಿದರು: "ನಾಲ್ಕನೇ ರಂಗೋಲಿ ಹಾಕಿದವರು ಯುಗಾದಿಗೆ ನಮಗೆ ಉಪ್ಪಿನಕಾಯಿ ಕೊಟ್ಟಿದ್ದಾರೆ. ನಾವು ಅದನ್ನು ತಿಂದಿದ್ದೇವೆ." ಹಿಂದೆ ಸರಿದು ಮನೆಗೆ ಬಂದರು. ಅಂದಿನಿಂದ ಉಪ್ಪಿನಕಾಯಿಯೂ ಬಂದಿಲ್ಲ.

ನಾಲ್ಕು ರಸ್ತೆ ಸೇರುವ ಸ್ಟಾಪ್ ಸೈನಿನಲ್ಲಿ ಮೊದಲು ಬಂದವರು ಮೊದಲು ಹೋಗಬೇಕು. ಆದರೆ ದೊಡ್ಡಪ್ಪ ತಮ್ಮದೇ ಕಾರಿನ ಪರವಾಗಿ ತೀರ್ಪು ಕೊಡುವುದುಂಟೇ! ಉಳಿದವರೆಲ್ಲ ಹೋಗಲೆಂದು ಕಾಯುತ್ತಲೇ ಇರುತ್ತಾರೆ. ಒಮ್ಮೆ ಕ್ಲೈನ್‌ಬರ್ಗಿನ ಚಿತ್ರಶಾಲೆಗೆ ಹೊರಟವರು ಅದರ ಮುಚ್ಚಿದ ಬಾಗಿಲನ್ನು ನೋಡಿಕೊಂಡು ಬಂದೆವು.

ಇದಕ್ಕೆ ಕಾರಣವಿಲ್ಲದಿಲ್ಲ. ಮೈಸೂರಿನಲ್ಲಿ ವಕೀಲರಾಗಿದ್ದವರ ಓದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಶಿಫ್ಟು ಮಾಡುತ್ತಲೇ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು ವಕೀಲರಾದರು, ೨೦೧೫ರಲ್ಲಿ ನ್ಯಾಯಾಧೀಶರಾದರು. ಅಷ್ಟು ಕಷ್ಟಪಟ್ಟು ಏರಿದ ಪೀಠಕ್ಕೆ ಒಂದು ಕಲೆಯೂ ತಾಗಬಾರದೆಂಬ ಹಟ. ಹಿಂದೆ ಸರಿದದ್ದರ ಲೆಕ್ಕ ನನ್ನ ಡೈರಿಯಲ್ಲಿದೆ: ಸಾರು ಹದಿನಾರು ಸಲ, ದೋಸೆ ಒಂಬತ್ತು, ದೊಡ್ಡಮ್ಮನ ಹೊಸ ಸೀರೆ ನಾಲ್ಕು. ಸೀರೆಯ ವಿಷಯದಲ್ಲಿ ಜಾಣತನವೂ ಇತ್ತೆನ್ನಿ.

ಈ ತಮಾಷೆ ನನ್ನ ಬುಡಕ್ಕೇ ಬಂದದ್ದು ಈ ಬೇಸಿಗೆಯಲ್ಲಿ. ಕಂಪ್ಯೂಟರ್ ಕೋರ್ಸ್ ಬಿಟ್ಟು ಬೇಕಿಂಗ್ ಕಲಿಯುತ್ತೇನೆ ಎಂದೆ. ಮೈಸೂರಿನಿಂದ ಅಪ್ಪ ವಿಡಿಯೊ ಕಾಲಿನಲ್ಲಿ ಗುಡುಗಿದರು.

"ಬನ್ನು ಮಾಡೋಕೆ ಕೆನಡಾ ಯಾಕೆ? ನಮ್ಮ ರಸ್ತೆ ಕೊನೇಲಿ ಬೇಕರಿ ಇಲ್ವಾ? ಮುಂದಿನ ಫ್ಲೈಟಿಗೆ ವಾಪಸ್ ಬಾ! ಅಣ್ಣ, ನೀನೇ ತೀರ್ಪು ಹೇಳು. ನೀನು ಏನಂದ್ರೂ ಒಪ್ತೀನಿ."

ದೊಡ್ಡಪ್ಪ ಊಟದ ಮೇಜಿನ ಆ ತುದಿಯಲ್ಲಿ ಕುಳಿತು ಎರಡೂ ಕಡೆಯ ವಾದ ಕೇಳಿದರು. ಆಮೇಲೆ ಕನ್ನಡಕ ತೆಗೆದರು.

"ಈ ಕೇಸಿಂದ ನಾನು ಹಿಂದೆ ಸರೀತೀನಿ."

ತೀರ್ಪು ಹೇಳುವವರೇ ಇಲ್ಲದಿದ್ದರೆ ಅಪ್ಪನ ಮಾತೇ ಕಡೆಯ ಮಾತು!

"ಯಾಕಣ್ಣ?"

"ಪಕ್ಷಪಾತ ಇದೆ ಕಣೋ. ಇವಳು ಹುಟ್ಟಿದ ದಿನ ಎತ್ಕೊಂಡಿದ್ನಲ್ಲ, ಅವತ್ತಿಂದಲೇ ಇದೆ."

ಎದ್ದು, ಮೇಜು ಸುತ್ತಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಈಗ ಇಲ್ಲಿ ಜಡ್ಜ್ ಯಾರೂ ಇಲ್ಲ. ನಾನು ನನ್ನ ಮಗಳ ಕಡೆಯವನು. ಅದೇನು ಮಾತಾಡ್ತೀಯೋ ಮಾತಾಡು."

ಅಪ್ಪನ ಗುಡುಗು ಇಳಿಯಿತು. ಕೊನೆಗೆ ಮೆಲ್ಲಗೆ ಕೇಳಿದರು: "ಆಯ್ತು, ಕಲೀಲಿ. ಬನ್ನಾದ್ರೂ ಚೆನ್ನಾಗಿ ಮಾಡ್ತಾಳಾ?"

"ಅದನ್ನ ನಾನು ಹೇಳೋ ಹಾಗಿಲ್ಲ ಕಣೋ!"

ಸೆಪ್ಟೆಂಬರಿನಲ್ಲಿ ಬೇಕಿಂಗ್ ಕೋರ್ಸ್ ಸೇರಿದೆ. ಈಗ ಹಿಟ್ಟು ಉಬ್ಬಿದೆ. ಒಲೆ ಹಚ್ಚುವ ಮೊದಲೇ ದೊಡ್ಡಪ್ಪ ತಟ್ಟೆ ಹಿಡಿದು ಕುಳಿತಿದ್ದಾರೆ. ಪ್ರತಿ ಶನಿವಾರ ಮೂರು ಬನ್ನು ತಿನ್ನುತ್ತಾರೆ, ಬಾಯಿಂದ ಒಂದು ಮಾತಿಲ್ಲ. ನನ್ನ ಬನ್ನು ಚೆನ್ನಾಗಿದೆ ಎಂದು ನಾನಿಲ್ಲದಾಗ ಅವರು ಹೇಳಿದ್ದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ ದಯವಿಟ್ಟು ಬರೆದು ತಿಳಿಸಿ. ದಿನಾಂಕ ಹಾಕುವುದನ್ನು ಮರೆಯಬೇಡಿ, ನನ್ನ ಡೈರಿಗೆ ಬೇಕು.