ಮೀನಿನ ಆತ್ಮಕ್ಕೆ ಸುಳ್ಳು ಹೇಳಬಹುದೇ?

"ಡೈರೆಕ್ಟರಿಗೆ ಬೇಕಾದ್ರೆ ಸುಳ್ಳು ಹೇಳು. ಸತ್ತ ಮೀನಿಗೆ ಮಾತ್ರ ಹೇಳ್ಬೇಡ," ಎಂದ ತೊಕುನಾಗ.

"ಇಬ್ರೂ ಅಲ್ಲೇ ಇರ್ತಾರಲ್ಲ ಮಾರಾಯ. ಒಬ್ರಿಗೆ ಹೇಳಿದ್ದು ಇನ್ನೊಬ್ರಿಗೆ ಕೇಳ್ಸಲ್ವಾ?" ಎಂದ ಹಿಬಿನೊ.

ಜಪಾನಿನ ಒಕಾಝಾಕಿಯಲ್ಲಿ ಇಬ್ಬರೂ ಕೆಲಸ ಮಾಡುವ ಆ ಪ್ರಯೋಗಾಲಯದಲ್ಲಿ, ಪ್ರಯೋಗಕ್ಕೆ ಬಲಿಯಾದ ಮೆಡಕಾ ಎಂಬ ಪುಟ್ಟ ಮೀನುಗಳಿಗೆ ವರ್ಷಕ್ಕೊಮ್ಮೆ ಹಿತ್ತಲಿನ ಕಲ್ಲಿನ ಮುಂದೆ ಊದುಬತ್ತಿ ಹಚ್ಚಿ ಕೃತಜ್ಞತೆ ಹೇಳುವುದು ಪದ್ಧತಿ. ಈ ಸಲದ ಸರದಿ ಹಿಬಿನೊನದು. ಪಾಪ, ಅವನ ನೌಕರಿಯ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕಾದ ಡೈರೆಕ್ಟರ್ ಅಕಿಯಾಮ ಮೇಡಂ ಎದುರಿಗೇ ನಿಂತಿರುತ್ತಾರೆ. "ನಿಮ್ಮ ದಯೆಯಿಂದ ಹೃದಯದ ಸ್ವಿಚ್ಚು ಸಿಕ್ಕಿತು" ಎಂದು ಅವನು ಬಾಯಿಪಾಠ ಮಾಡಿಯಾಗಿತ್ತು. ಜೀನನ್ನು ಹೃದಯದಲ್ಲಿ ಮಾತ್ರ ಚಾಲೂ ಮಾಡುವ ಸ್ವಿಚ್ಚು ಇದೇ ಎಂದು ನಂಬಿ, ಅದಕ್ಕೆ ಹಸಿರು ಬೆಳಕಿನ ಜೀನೊಂದನ್ನು ಜೋಡಿಸಿ ಮೊಟ್ಟೆಗೆ ಸೇರಿಸಿದ್ದ. ಸ್ವಿಚ್ಚು ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿ ಮೀನು ಹೊಳೆಯಬೇಕು. ಇಂದು ನೀಲಿ ದೀಪದಡಿ ಹಿಡಿದರೆ ಹೃದಯ ಬಿಟ್ಟು ಹೊಟ್ಟೆ ಹೊಳೆಯುತ್ತಿದೆ.

"ಹೃದಯ ಹುಡುಕ್ತೀನಿ ಅಂತ ಸಂಬಳ ತಗೊಂಡು ಹೊಟ್ಟೆ ತೋರಿಸ್ಲಾ?"

"ನಾವೆಲ್ಲ ಹೊಟ್ಟೆ ತೋರಿಸಿಯೇ ಸಂಬಳ ತಗೊಳ್ಳೋದು."

"ಎರಡೂ ಪಕ್ಕಪಕ್ಕದಲ್ಲೇ ಇದಾವಲ್ಲ. ಸತ್ತ ಮೀನು ಅಷ್ಟೆಲ್ಲ ನೋಡತ್ತಾ?"

"ಅದರ ಹೊಟ್ಟೆ ಯಾವುದು ಅಂತ ಅದಕ್ಕೆ ಗೊತ್ತಿರಲ್ವಾ?"

ಹಿಬಿನೊನಿಗೆ ರೇಗಿತು. ಬೆಳಕಿನ ಜೀನಿನ ಗಂಧಗಾಳಿಯೂ ಇಲ್ಲದ ಸಾದಾ ಮೀನೊಂದನ್ನು ತಂದು ದೀಪದಡಿ ಇಟ್ಟ. ಅದರ ಹೊಟ್ಟೆಯೂ ಹೊಳೆಯಿತು. ಹಿಬಿನೊ ತಲೆಯೆತ್ತಿ ತೊಕುನಾಗನನ್ನು ನೋಡಿದ.

"ಬೆಳಗ್ಗೆ ಇವಕ್ಕೆ ಊಟ ಹಾಕಿದ್ಯಾ?"

"ಹಾಕ್ದೆ ಇರ್ತೀನಾ? ಹಿರಿಯರ ತಿಥಿ ದಿನ ಮಕ್ಕಳನ್ನ ಉಪವಾಸ ಕೆಡವೋಕಾಗತ್ತಾ? ಸೀಗಡಿ ಮರಿ, ಹೊಟ್ಟೆ ತುಂಬಾ."

"ಹೊಳೀತಿರೋದು ಆ ಸೀಗಡಿ ಕಣೋ."

ಸೀಗಡಿ ಆ ದೀಪದಡಿ ತಾನಾಗಿಯೇ ಹೊಳೆಯುತ್ತದೆ, ಅದಕ್ಕೇ ನೋಡುವ ಮುಂಚೆ ಮೀನನ್ನು ಉಪವಾಸ ಇಡಬೇಕು ಎಂಬುದು ಇಬ್ಬರಿಗೂ ಗೊತ್ತಿದ್ದ ಮಾತೇ. ಕನಿಕರ ಬಂದಾಗ ಬುದ್ಧಿ ಊರಲ್ಲಿರುವುದಿಲ್ಲ.

ಕಲ್ಲಿನ ಮುಂದೆ ನಿಂತಾಗ ಹಿಬಿನೊನ ಬಾಯಿಪಾಠವೆಲ್ಲ ಹಾರಿಹೋಯಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ನೌಕರಿ ಹೋದರೆ ಹೋಗಲಿ ಎಂದು ಕೈಮುಗಿದ.

"ಕ್ಷಮಿಸಿ. ನಿಮ್ಮ ಹೃದಯ ನಮಗೆ ಕಾಣಿಸಲಿಲ್ಲ. ಕಂಡದ್ದು ತೊಕುನಾಗ ಹಾಕಿದ ಊಟ."

ಅಕಿಯಾಮ ಮೇಡಂ ಕಣ್ಣೊರೆಸಿಕೊಂಡರು. ಊದುಬತ್ತಿಯ ಹೊಗೆಯೂ ಇದ್ದೀತು.

"ಹಿಬಿನೊ-ಸಾನ್, ಇನ್ನೊಂದು ವರ್ಷ ಇರಿ. ಹಸಿದ ಮೀನು ನೋಡಿ," ಎಂದರು. ಆಮೇಲೆ ಮೆಲ್ಲಗೆ ತೊಕುನಾಗನ ಕಡೆ ತಿರುಗಿದರು.

"ಹೋದ ವರ್ಷ ನಿಮ್ಮನ್ನ ಕಾಯಂ ಮಾಡಿದ್ದು ಹೊಟ್ಟೆಯ ಸ್ವಿಚ್ಚು ಹುಡುಕಿದ್ರಿ ಅಂತಲ್ವಾ? ಆವತ್ತು ಮೀನಿಗೆ ಊಟ ಹಾಕಿದ್ದು ಯಾರು?"